ಹಂದಿಯ ಜೀವಕೋಶದೊಳಗೆ ಫ್ಲೂ ವೈರಸ್ ಹೇಗೆ ಬದಲಾಗುತ್ತದೆ

ಇವತ್ತು ಒಂದೇ ಪ್ರಶ್ನೆ ಹಿಡಿದುಕೊಂಡು ಮಾತಾಡುತ್ತೇನೆ. ಹಂದಿಯ ಮೈಯಲ್ಲಿ ಫ್ಲೂ ವೈರಸ್ ಬದಲಾದರೆ, ಆ ಬದಲಾವಣೆ ಉಳಿಯಬೇಕಾ ಅಳಿಯಬೇಕಾ ಅಂತ ತೀರ್ಮಾನ ಮಾಡುವವರು ಯಾರು? 'ವೈರಸ್ ರೂಪಾಂತರ ಹೊಂದಿದೆ' ಅಂತ ಪೇಪರ್‌ನಲ್ಲಿ, ಟಿವಿಯಲ್ಲಿ ಬರುತ್ತದೆ ಅಲ್ವಾ. ಅದನ್ನು ಕೇಳಿದವರಿಗೆ ವೈರಸ್ ತಾನೇ ಯೋಚನೆ ಮಾಡಿ ವೇಷ ಬದಲಿಸಿತೇನೋ ಅನ್ನಿಸುತ್ತದೆ. ಹಾಗೇನೂ ಆಗುವುದಿಲ್ಲ. ತಪ್ಪು ಮಾಡುವುದು ವೈರಸ್, ಸರಿ. ಆದರೆ ಆ ತಪ್ಪುಗಳಲ್ಲಿ ಯಾವುದು ನಿಲ್ಲುತ್ತದೆ ಅನ್ನುವುದರಲ್ಲಿ ದೊಡ್ಡ ಪಾಲು ಅದು ಹೊಕ್ಕ ಜೀವಕೋಶದ ಪ್ರೋಟೀನುಗಳದ್ದು. ರೋಗನಿರೋಧಕ ಪ್ರತಿಕಾಯಗಳ ಪಾಲೂ ಇದೆ, ಅದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾನು ಇವತ್ತು ಕೋಶದ ಒಳಗೇ ಇರುತ್ತೇನೆ.

ಮೊದಲು ತಪ್ಪು ಹೇಗೆ ಆಗುತ್ತದೆ ನೋಡೋಣ. ಫ್ಲೂ ವೈರಸ್‌ನ ಜೀನ್‌ಗಳು ಎಂಟು ತುಂಡು ಆರ್‌ಎನ್‌ಎಯಲ್ಲಿ ಇರುತ್ತವೆ. ಎಲ್ಲ ಸೇರಿಸಿದರೆ ಸುಮಾರು 13,500 ಅಕ್ಷರ, ಅಷ್ಟೇ. ಇವನ್ನು ನಕಲು ಮಾಡುವುದು ವೈರಸ್‌ನದೇ ಪಾಲಿಮರೇಸ್. ಅದು ಪಿಬಿ1, ಪಿಬಿ2, ಪಿಎ ಅನ್ನುವ ಮೂರು ಪ್ರೋಟೀನುಗಳು ಕೂಡಿಕೊಂಡ ಯಂತ್ರ. ಈ ಯಂತ್ರಕ್ಕೆ ತಾನು ಬರೆದದ್ದನ್ನು ತಿರುಗಿ ನೋಡಿ ತಿದ್ದುವ ಅಭ್ಯಾಸ ಇಲ್ಲ. ಹಾಗಾಗಿ ಪ್ರತಿ ಹೊಸ ನಕಲಿನಲ್ಲೂ ಹೆಚ್ಚುಕಡಿಮೆ ಒಂದೆರಡು ಅಕ್ಷರ ತಪ್ಪುತ್ತವೆ. ಒಂದು ಸೋಂಕಿತ ಕೋಶದಿಂದ ಸಾವಿರಾರು ವೈರಸ್ ಹೊರಬೀಳುತ್ತವೆ, ಒಂದು ಹಂದಿಯ ಶ್ವಾಸನಾಳದಲ್ಲಿ ಅಂಥ ಕೋಶಗಳು ಎಷ್ಟೋ. ಅಂದರೆ ಊಹಿಸಬಹುದಾದ ಒಂದಕ್ಷರದ ತಪ್ಪುಗಳೆಲ್ಲ ಅಲ್ಲೆಲ್ಲೋ ಒಂದು ಕಡೆ ಆಗಿಯೇ ಇರುತ್ತವೆ ಅಂತ ಇಟ್ಟುಕೊಳ್ಳಿ. ಬಹುಪಾಲು ಕೆಲಸಕ್ಕೆ ಬಾರದವು. ಅಲ್ಲೇ ಸಾಯುತ್ತವೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಯಾಕೆಂದರೆ ಹಂದಿಯ ಇನ್ನೊಂದು ವೈರಸ್ ಹೇಳದೆ ಇರಲು ಆಗುವುದಿಲ್ಲ. ಪೋರ್ಸೈನ್ ಸರ್ಕೋವೈರಸ್ 2, ಬಹಳ ಸಣ್ಣದು, ಉಂಗುರದ ಹಾಗೆ ಸುತ್ತಿಕೊಂಡ ಒಂಟಿ ಎಳೆಯ ಡಿಎನ್‌ಎ, 1,770 ಅಕ್ಷರದಷ್ಟೂ ಇಲ್ಲ. ಅದಕ್ಕೆ ಸ್ವಂತ ಪಾಲಿಮರೇಸೇ ಇಲ್ಲ. ಹಂದಿಯ ಕೋಶ ತನ್ನ ಡಿಎನ್‌ಎ ನಕಲು ಮಾಡಲು ಇಟ್ಟುಕೊಂಡ ಪ್ರೋಟೀನುಗಳನ್ನೇ ಅದು ಬಳಸುತ್ತದೆ. ಆ ಪ್ರೋಟೀನುಗಳು ತಪ್ಪನ್ನು ಹುಡುಕಿ ತಿದ್ದುತ್ತವೆ. ಹಾಗಿದ್ದರೆ ಈ ವೈರಸ್ ನಿಧಾನ ಬದಲಾಗಬೇಕಿತ್ತು ಅಲ್ವಾ? ಆದರೆ ಅದು ಆರ್‌ಎನ್‌ಎ ವೈರಸ್‌ಗಳ ವೇಗದಲ್ಲೇ ಬದಲಾಗುತ್ತದೆ. ಒಂಟಿ ಎಳೆಯ ಡಿಎನ್‌ಎಯಲ್ಲಿ ಸೈಟೋಸಿನ್ ಅನ್ನುವ ಅಕ್ಷರ ಸುಲಭವಾಗಿ ಕೆಡುತ್ತದೆ, ಮತ್ತು ಕೆಟ್ಟದ್ದನ್ನು ಹೋಲಿಸಿ ಸರಿಮಾಡಲು ಜೊತೆ ಎಳೆ ಇರುವುದಿಲ್ಲ. ಒಳ್ಳೆಯ ನಕಲುಗಾರ ಸಿಕ್ಕರೂ ಸಾಲದು ಅನ್ನುವುದಕ್ಕೆ ಇದು ನನಗೆ ಬಹಳ ಇಷ್ಟವಾದ ಉದಾಹರಣೆ. ಸರಿ, ಫ್ಲೂಗೆ ವಾಪಸ್ ಬರೋಣ.

ಫ್ಲೂ ಮತ್ತು ಹಂದಿಯ ಸಂಬಂಧ ಹಳೆಯದು. 1918ರ ಮಹಾಮಾರಿಯ ಕಾಲದಲ್ಲೇ ಅಮೆರಿಕದ ಅಯೋವಾ ರಾಜ್ಯದಲ್ಲಿ ಹಂದಿಗಳು ಜನರ ಹಾಗೇ ಕೆಮ್ಮಿ ಮಲಗಿದವು. ಜೆ. ಎಸ್. ಕೋಯೆನ್ ಅನ್ನುವ ಪಶುವೈದ್ಯರು ಇದು ಜನರಿಗೆ ಬಂದ ರೋಗವೇ ಅಂತ ಹೇಳಿದರು. ಹಂದಿ ಸಾಕುವವರಿಗೆ, ಮಾಂಸದ ವ್ಯಾಪಾರದವರಿಗೆ ಅದು ಹಿಡಿಸಲಿಲ್ಲ. ಆದರೆ ಕೋಯೆನ್ ಮಾತು ಬದಲಿಸಲಿಲ್ಲ. ಹನ್ನೆರಡು ವರ್ಷ ಆದಮೇಲೆ ರಿಚರ್ಡ್ ಶೋಪ್ ಹಂದಿಯಿಂದ ಆ ವೈರಸ್ಸನ್ನು ಬೇರ್ಪಡಿಸಿದರು. ಮನುಷ್ಯರ ಫ್ಲೂ ವೈರಸ್ ಕೈಗೆ ಸಿಕ್ಕಿದ್ದು ಅದಾದ ಮೇಲೆ, 1933ರಲ್ಲಿ. ಅಂದರೆ ನಮ್ಮ ಫ್ಲೂ ಬಗ್ಗೆ ನಾವು ಕಲಿತದ್ದಕ್ಕೆ ಹಂದಿಯೇ ಮೊದಲ ಪಾಠ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1993ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಕಾಂತಾ ಸುಬ್ಬರಾವ್ ಮತ್ತು ಜೊತೆಗಾರರು ಒಂದು ಲೇಖನ ಪ್ರಕಟಿಸಿದರು. ಸುಬ್ಬರಾವ್ ವೆಲ್ಲೂರಿನ ಸಿಎಂಸಿಯಲ್ಲಿ ಓದಿದ ಡಾಕ್ಟರು. ಪಿಬಿ2 ಪ್ರೋಟೀನಿನ 627ನೇ ಜಾಗದಲ್ಲಿರುವ ಒಂದೇ ಒಂದು ಅಮೈನೋ ಆಮ್ಲದಿಂದ, ಅಂದರೆ ಪ್ರೋಟೀನ್ ಸರಪಳಿಯ ಒಂದೇ ಒಂದು ಮಣಿಯಿಂದ, ಹಕ್ಕಿಯ ವೈರಸ್ಸು ಸಸ್ತನಿಯ ಕೋಶದಲ್ಲಿ ಬೆಳೆಯುತ್ತದೋ ಇಲ್ಲವೋ ಅನ್ನುವುದು ತೀರ್ಮಾನ ಆಗಬಹುದು ಅಂತ ತೋರಿಸಿದರು. ಹಕ್ಕಿಯ ವೈರಸ್‌ನಲ್ಲಿ ಅಲ್ಲಿ ಸಾಮಾನ್ಯವಾಗಿ ಗ್ಲುಟಾಮಿಕ್ ಆಮ್ಲ, ಮನುಷ್ಯರ ವೈರಸ್‌ನಲ್ಲಿ ಲೈಸಿನ್. ಒಂದಕ್ಷರದ ಬದಲಾವಣೆ. ಆದರೆ ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೋಶದಲ್ಲಿ ಏನೋ ಇದೆ, ಆ ಏನೋ ಹಕ್ಕಿಯಲ್ಲಿ ಒಂದು ಥರ, ನಮ್ಮಲ್ಲಿ ಇನ್ನೊಂದು ಥರ ಇದೆ, ಅಷ್ಟು ಊಹೆ ಮಾತ್ರ. ಆ ಊಹೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಊಹೆಯಾಗಿಯೇ ಉಳಿಯಿತು.

ಉತ್ತರ ಸಿಕ್ಕಿದ್ದು 2016ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವೆಂಡಿ ಬಾರ್ಕ್ಲೇ ಅವರ ಪ್ರಯೋಗಾಲಯದಿಂದ. ಅವರು ಮಾಡಿದ ಉಪಾಯ ಕೇಳಿ, ನನಗೆ ಅದನ್ನು ಹೇಳುವಾಗಲೆಲ್ಲ ಖುಷಿಯಾಗುತ್ತದೆ. ಹ್ಯಾಮ್‌ಸ್ಟರ್ ಅನ್ನುವ ಸಣ್ಣ ಪ್ರಾಣಿಯ ಕೋಶಗಳಿಗೆ ಕೋಳಿಯ ಕ್ರೋಮೋಸೋಮಿನ ತುಂಡುಗಳನ್ನು ಸೇರಿಸಿದ ಕೋಶಗಳ ಸಂಗ್ರಹ ಒಂದಿತ್ತು. ಒಂದೊಂದು ಕೋಶದಲ್ಲಿ ಕೋಳಿಯ ಒಂದೊಂದು ತುಂಡು. ಇವುಗಳಲ್ಲಿ ಯಾವುದರೊಳಗೆ ಹಕ್ಕಿಯ ವೈರಸ್ಸಿನ ಪಾಲಿಮರೇಸ್ ಚೆನ್ನಾಗಿ ಓಡುತ್ತದೆ ಅಂತ ನೋಡುತ್ತಾ ಹೋದರು. ಓಡಿದ ಕೋಶಗಳಲ್ಲೆಲ್ಲ ಇದ್ದ ಕೋಳಿ ತುಂಡು ಯಾವುದು ಅಂತ ಹುಡುಕಿದರು. ಕೊನೆಗೆ ಕೈಗೆ ಸಿಕ್ಕಿದ್ದು ಎಎನ್‌ಪಿ32ಎ ಅನ್ನುವ ಪ್ರೋಟೀನ್. ಹಕ್ಕಿಗಳ ಎಎನ್‌ಪಿ32ಎಯಲ್ಲಿ 33 ಅಮೈನೋ ಆಮ್ಲಗಳ ಒಂದು ಹೆಚ್ಚುವರಿ ತುಂಡು ಇದೆ. ನಮ್ಮದರಲ್ಲಿ ಇಲ್ಲ, ಸಸ್ತನಿಗಳಲ್ಲೇ ಇಲ್ಲ. ಹಕ್ಕಿಯ ವೈರಸ್ಸಿನ ಪಾಲಿಮರೇಸ್ ಆ ಉದ್ದದ ಪ್ರೋಟೀನಿಗೆ ಒಗ್ಗಿಕೊಂಡಿದೆ. ಗಿಡ್ಡದ್ದು ಸಿಕ್ಕಿದರೆ ಕೆಲಸ ಕುಂಟುತ್ತದೆ. ಆಗ 627ರಲ್ಲಿ ಲೈಸಿನ್ ಬಂದ ವೈರಸ್ ಸಿಕ್ಕಿಬಿಟ್ಟರೆ ಅದು ಉಳಿದವನ್ನೆಲ್ಲ ಹಿಂದೆ ಹಾಕುತ್ತದೆ.

ಇದು ಎಂಥಾ ಪ್ರೋಟೀನ್ ಅಂತ ಕೇಳಬಹುದು. ಕೋಶದಲ್ಲಿ ಅದಕ್ಕೆ ಅದರದೇ ಕೆಲಸಗಳಿವೆ, ವೈರಸ್‌ಗಾಗಿ ಅದು ಕಾಯುತ್ತಾ ಕೂತಿಲ್ಲ. ಆದರೆ ಫ್ಲೂ ಪಾಲಿಮರೇಸ್‌ಗೆ ಅದು ಬೇಕೇ ಬೇಕು. 2019ರಲ್ಲಿ ಎರಡು ಗುಂಪುಗಳು ಮನುಷ್ಯನ ಕೋಶಗಳಿಂದ ಎಎನ್‌ಪಿ32ಎ ಮತ್ತು ಅದರ ಅಣ್ಣತಮ್ಮ ಎಎನ್‌ಪಿ32ಬಿ ಎರಡನ್ನೂ ತೆಗೆದುಹಾಕಿ ನೋಡಿದವು. ಪಾಲಿಮರೇಸ್ ನಿಂತೇಹೋಯಿತು. ಒಂದನ್ನು ಮಾತ್ರ ತೆಗೆದರೆ ಇನ್ನೊಂದು ಸುಧಾರಿಸಿಕೊಂಡು ಹೋಗುತ್ತದೆ. ಆಮೇಲೆ ಬಂದ ರಚನೆಯ ಚಿತ್ರಗಳಲ್ಲಿ ಕಂಡಿದ್ದು ಏನೆಂದರೆ, ಎರಡು ಪಾಲಿಮರೇಸ್‌ಗಳು ಜೋಡಿಯಾಗಿ ನಿಂತಿರುವಾಗ ಅವುಗಳ ನಡುವೆ ಎಎನ್‌ಪಿ32ಎ ಕೂತಿರುತ್ತದೆ. ಒಂದು ನಕಲು ತೆಗೆಯುತ್ತಿದ್ದರೆ ಇನ್ನೊಂದು ಹೊಸ ಎಳೆಯನ್ನು ಹಿಡಿದು ಪ್ಯಾಕ್ ಮಾಡಲು ಸಿದ್ಧವಾಗಿರುತ್ತದೆ. ಎರಡನ್ನೂ ಹಿಡಿದಿಡುವ ಈ ಪ್ರೋಟೀನಿನ ಬಾಲ ತುಂಬಾ ಋಣ ವಿದ್ಯುತ್ತಿನದು. 627ರಲ್ಲಿ ಗ್ಲುಟಾಮಿಕ್ ಆಮ್ಲ ಇದ್ದರೆ ಅದೂ ಋಣ. ಲೈಸಿನ್ ಧನ. ಒಂದಕ್ಷರದ ಬದಲಾವಣೆಗೆ ಯಾಕಿಷ್ಟು ಬೆಲೆ ಅಂತ ಈಗ ಸ್ವಲ್ಪ ಅರ್ಥವಾಗುತ್ತದೆ ಅಲ್ವಾ.

ಆಸ್ಟ್ರಿಚ್ ಹಕ್ಕಿಯ ಕಥೆ ಇದಕ್ಕೆ ಒಳ್ಳೆ ಸಾಕ್ಷಿ. ಆಸ್ಟ್ರಿಚ್ ಹಕ್ಕಿಯೇ ಆದರೂ ಅದರ ಎಎನ್‌ಪಿ32ಎಯಲ್ಲಿ ಆ 33ರ ತುಂಡು ಇಲ್ಲ. ಫ್ಲೂ ಬಂದ ಆಸ್ಟ್ರಿಚ್‌ಗಳ ವೈರಸ್ ತೆಗೆದು ನೋಡಿದರೆ, ಸಸ್ತನಿಗಳಲ್ಲಿ ಕಾಣುವಂಥ ಪಿಬಿ2 ಬದಲಾವಣೆಗಳೇ ಅಲ್ಲಿ ಕಂಡಿವೆ. ವೈರಸ್ ಯಾವ ಪ್ರಾಣಿಯಲ್ಲಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದಕ್ಕೆ ಸಿಗುವುದು ಪ್ರೋಟೀನ್ ಮಾತ್ರ.

ಹಾಗಾದರೆ ಹಂದಿ? ಇಲ್ಲಿಯೇ ವಿಷಯ ಗಂಭೀರ ಆಗುವುದು. ಹಂದಿ ಸಸ್ತನಿ, ಅದರ ಎಎನ್‌ಪಿ32ಎಯಲ್ಲೂ 33ರ ತುಂಡು ಇಲ್ಲ. ಹಾಗಾಗಿ ಅದೂ ನಮ್ಮ ಹಾಗೇ ಹಕ್ಕಿಯ ವೈರಸ್ಸನ್ನು ತಡೆಯುತ್ತದೆ ಅಂದುಕೊಳ್ಳಬಹುದಿತ್ತು. 2020ರಲ್ಲಿ ಚೀನಾದ ಹಾರ್ಬಿನ್ ಊರಿನ ವಿಜ್ಞಾನಿಗಳು ಮತ್ತು ಬಾರ್ಕ್ಲೇ ಗುಂಪಿನವರು ಬೇರೆಬೇರೆಯಾಗಿ ತೋರಿಸಿದ್ದು ಬೇರೆಯೇ. ಬೇರೆ ಸಸ್ತನಿಗಳಿಗಿಂತ ಹಂದಿಯ ಎಎನ್‌ಪಿ32ಎ ಹಕ್ಕಿಯ ಪಾಲಿಮರೇಸ್‌ಗೆ ಚೆನ್ನಾಗಿ ಸಹಕರಿಸುತ್ತದೆ. ಕೋಳಿಯಷ್ಟಲ್ಲ, ಆದರೆ ಮನುಷ್ಯನಿಗಿಂತ ಜಾಸ್ತಿ. ಕಾರಣ 106 ಮತ್ತು 156ನೇ ಜಾಗದ ಎರಡು ಅಮೈನೋ ಆಮ್ಲಗಳು.

ಇದನ್ನು ರಾಗಿ ಹಿಟ್ಟು ಜಾಲಿಸುವ ಜರಡಿಯ ಹಾಗೆ ನೋಡಿ. ಮನುಷ್ಯನ ಕೋಶದ ಜರಡಿ ಸಣ್ಣ ಕಣ್ಣಿನದು. ಹಕ್ಕಿಯ ವೈರಸ್ ಬಂದರೆ 627ರ ಥರದ ದೊಡ್ಡ ಬದಲಾವಣೆ ಇರುವುದು ಮಾತ್ರ ಇಳಿಯುತ್ತದೆ, ಉಳಿದದ್ದು ಮೇಲೇ ನಿಲ್ಲುತ್ತದೆ. ಹಂದಿಯ ಜರಡಿಯ ಕಣ್ಣು ಸ್ವಲ್ಪ ದೊಡ್ಡದು. ಪೂರ್ತಿ ಒಗ್ಗದ ವೈರಸ್ ಕೂಡ ಇಳಿದುಬಿಡುತ್ತದೆ. ಇಳಿದ ಮೇಲೆ ಅದಕ್ಕೆ ಸಮಯ ಸಿಗುತ್ತದೆ, ಹಂದಿಯಿಂದ ಹಂದಿಗೆ ಹೋಗುತ್ತಾ ಸಣ್ಣಸಣ್ಣ ಬದಲಾವಣೆ ಕೂಡಿಸಿಕೊಳ್ಳುವಷ್ಟು ಸಮಯ.

ಹಂದಿಯನ್ನು ವೈರಸ್‌ಗಳು ಬೆರೆಯುವ ಜಾಗ ಅಂತ 1985ರಲ್ಲೇ ಕ್ರಿಸ್ಟೋಫ್ ಶೋಲ್ಟಿಸೆಕ್ ಮತ್ತು ಅವರ ಜೊತೆಗಾರರು ಹೇಳಿದ್ದರು. ಆಮೇಲೆ ಅದಕ್ಕೆ ಎಲ್ಲರೂ ಕೊಟ್ಟ ಕಾರಣ ಹಂದಿಯ ಶ್ವಾಸನಾಳದ ಕೋಶಗಳ ಹೊರಮೈಯಲ್ಲಿ ಹಕ್ಕಿಯ ವೈರಸ್ ಅಂಟುವ ಸಕ್ಕರೆಯೂ ಇದೆ, ಮನುಷ್ಯರ ವೈರಸ್ ಅಂಟುವ ಸಕ್ಕರೆಯೂ ಇದೆ ಅನ್ನುವುದು. ಆದರೆ ನಮ್ಮಲ್ಲೂ ಎರಡೂ ಇವೆ ಅಂತ ಆಮೇಲೆ ಗೊತ್ತಾಯಿತು. ನನ್ನ ಅಭಿಪ್ರಾಯದಲ್ಲಿ ಬಾಗಿಲಿಗಿಂತ ಒಳಗಿನ ಈ ಪ್ರೋಟೀನುಗಳ ವ್ಯತ್ಯಾಸಕ್ಕೆ ಜಾಸ್ತಿ ಬೆಲೆ ಕೊಡಬೇಕು.

ಸಣ್ಣಸಣ್ಣ ಬದಲಾವಣೆ ಕೂಡುತ್ತದೆ ಅಂದೆನಲ್ಲ, ಅದಕ್ಕೆ ಯುರೋಪಿನ ಉದಾಹರಣೆ ಹೇಳುತ್ತೇನೆ. 1979ರಲ್ಲಿ ಬೆಲ್ಜಿಯಂನಲ್ಲಿ ಒಂದು ಎಚ್‌1ಎನ್‌1 ವೈರಸ್, ಎಂಟೂ ತುಂಡು ಹಕ್ಕಿಯದೇ, ಹಂದಿಗಳಿಗೆ ಬಂತು. ಅಲ್ಲೇ ನೆಲೆ ನಿಂತಿತು. ಈ ಗುಂಪಿನ ವೈರಸ್‌ಗಳು 627ನ್ನು ಮುಟ್ಟಲಿಲ್ಲ. ಪಿಬಿ2ನಲ್ಲೇ 701ನೇ ಜಾಗದಲ್ಲಿ ಬೇರೆ ಬದಲಾವಣೆ ಇಟ್ಟುಕೊಂಡವು. ಇದೂ ಯಾದೃಚ್ಛಿಕ ಅಲ್ಲ ಅಂತ ಈಗ ಗೊತ್ತು. 627ರ ಲೈಸಿನ್ ಎಎನ್‌ಪಿ32ಬಿಗೆ ಚೆನ್ನಾಗಿ ಹೊಂದುತ್ತದೆ, 701ರ ಬದಲಾವಣೆ ಎಎನ್‌ಪಿ32ಎಗೆ ಹೊಂದುತ್ತದೆ. ಮನುಷ್ಯನಲ್ಲಿ ಬಿ ಬಲವಾದದ್ದು, ಹಂದಿಯಲ್ಲಿ ಎ. ಯಾವ ಪ್ರೋಟೀನ್ ಬಲವೋ ಅದಕ್ಕೆ ತಕ್ಕ ಬದಲಾವಣೆ ಉಳಿಯುತ್ತದೆ.

ಆ ವೈರಸ್‌ಗಳಲ್ಲಿ ಇನ್ನೂ ಒಂದು ಬದಲಾವಣೆ ನಡೆಯುತ್ತಿತ್ತು, ಅದು ಎಮ್‌ಎಕ್ಸ್ ಅನ್ನುವ ಪ್ರೋಟೀನಿಗೆ ಸಂಬಂಧಿಸಿದ್ದು. ಎಮ್‌ಎಕ್ಸ್ ಕೋಶದ ಕಾವಲುಗಾರ ಪ್ರೋಟೀನ್. ವೈರಸ್ ಬಂದಾಗ ಕೋಶಗಳು ಹೊರಬಿಡುವ ಎಚ್ಚರಿಕೆಯ ಪ್ರೋಟೀನ್ ಇಂಟರ್‌ಫೆರಾನ್ ಕಂಡುಹಿಡಿದವರಲ್ಲಿ ಒಬ್ಬರಾದ ಜೀನ್ ಲಿಂಡೆನ್‌ಮನ್ ಅವರೇ 1960ರ ದಶಕದಲ್ಲಿ ಫ್ಲೂಗೆ ಬಗ್ಗದ ಒಂದು ಜಾತಿಯ ಇಲಿಗಳನ್ನು ಗಮನಿಸಿದ್ದರು, ಅಲ್ಲಿಂದ ಈ ಪ್ರೋಟೀನಿನ ಕಥೆ ಶುರು. ನಮ್ಮಲ್ಲಿರುವುದನ್ನು ಎಮ್‌ಎಕ್ಸ್‌ಎ ಅನ್ನುತ್ತಾರೆ. ವೈರಸ್‌ನ ಆರ್‌ಎನ್‌ಎಯನ್ನು ಸುತ್ತಿಕೊಂಡಿರುವ ಎನ್‌ಪಿ ಪ್ರೋಟೀನನ್ನು ಗುರುತಿಸಿ ಅದು ವೈರಸ್ಸನ್ನು ತಡೆಯುತ್ತದೆ. ಹಕ್ಕಿಯ ವೈರಸ್‌ಗಳು ಇದರ ಮುಂದೆ ಸೋಲುತ್ತವೆ. ಹಂದಿಯಲ್ಲೂ ಎಮ್‌ಎಕ್ಸ್ ಇದೆ, ಆದರೆ ನಮ್ಮದರಷ್ಟು ಗಟ್ಟಿ ಅಲ್ಲ. ಹಾಗಾಗಿ ಏನಾಯಿತು? 2001ರಲ್ಲಿ ಜರ್ಮನಿಯ ಬೆಲ್ಸಿಗ್‌ನಲ್ಲಿ ಸಿಕ್ಕಿದ ಈ ಗುಂಪಿನ ಒಂದು ಹಂದಿ ವೈರಸ್ಸನ್ನು ಫ್ರೈಬರ್ಗ್‌ನ ವಿಜ್ಞಾನಿಗಳು ಪರೀಕ್ಷೆ ಮಾಡಿದರು. ಅದರ ಎನ್‌ಪಿ ಮನುಷ್ಯನ ಎಮ್‌ಎಕ್ಸ್‌ಎಯಿಂದ ಮನುಷ್ಯರ ವೈರಸ್‌ಗಳಷ್ಟೇ ಚೆನ್ನಾಗಿ ತಪ್ಪಿಸಿಕೊಳ್ಳುತ್ತಿತ್ತು. ಹಿಂದಿನ ವೈರಸ್‌ಗಳ ಜೊತೆ ಹೋಲಿಸಿದಾಗ, ಬೇಕಾದ ಬದಲಾವಣೆಗಳು ಒಂದಾದಮೇಲೆ ಒಂದರಂತೆ ಬಂದು, ಬಂದದ್ದು ಬಿಟ್ಟುಹೋಗದೆ ಉಳಿದಿದ್ದವು. ಮನುಷ್ಯನ ಮೈಯನ್ನೇ ನೋಡದ ವೈರಸ್ ಹಂದಿಗಳ ನಡುವೆ ಓಡಾಡುತ್ತಲೇ ನಮ್ಮ ಕಾವಲನ್ನು ದಾಟುವುದನ್ನು ಕಲಿತುಬಿಟ್ಟಿತ್ತು. ಕಾವಲು ಇಲ್ಲವೇ ಇಲ್ಲ ಅಂತಿದ್ದರೆ ವೈರಸ್ ಬದಲಾಗುವ ಅಗತ್ಯವೇ ಇರುತ್ತಿರಲಿಲ್ಲ. ತುಂಬಾ ಗಟ್ಟಿ ಇದ್ದಿದ್ದರೆ ಅದು ನೆಲೆಯೇ ನಿಲ್ಲುತ್ತಿರಲಿಲ್ಲ. ಅರೆಬರೆ ಕಾವಲೇ ಅಪಾಯ.

ಇಷ್ಟರವರೆಗೆ ಹೇಳಿದ್ದು ಸಹಾಯ ಮಾಡುವ ಪ್ರೋಟೀನ್, ಅಡ್ಡಗಟ್ಟುವ ಪ್ರೋಟೀನ್. ಮೂರನೇ ಥರದ್ದೂ ಇದೆ, ಶಾಪೆರೋನ್‌ಗಳು. ಹೊಸದಾಗಿ ತಯಾರಾದ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳಲು ಇವು ನೆರವಾಗುತ್ತವೆ. ವೈರಸ್ಸಿಗೆ ಇಂಥವು ಸ್ವಂತದ್ದಿಲ್ಲ, ಕೋಶದವನ್ನೇ ಬಳಸಿಕೊಳ್ಳುತ್ತದೆ. ಈಗ ಯೋಚಿಸಿ, ಎಮ್‌ಎಕ್ಸ್‌ಎಯಿಂದ ತಪ್ಪಿಸಿಕೊಳ್ಳಲು ಎನ್‌ಪಿಯಲ್ಲಿ ಆಗುವ ಬದಲಾವಣೆ ಪುಕ್ಕಟೆ ಬರುವುದಿಲ್ಲ. ಕೆಲವು ಬದಲಾವಣೆಗಳು ಎನ್‌ಪಿಯ ಮಡಿಕೆಯನ್ನು ಸಡಿಲ ಮಾಡುತ್ತವೆ. 283ನೇ ಜಾಗದಲ್ಲಿ ಪ್ರೋಲಿನ್ ಬರುವುದು ಅಂಥದ್ದು, 1918ರ ವೈರಸ್‌ನಲ್ಲೂ ಅದು ಇತ್ತು. ಅಮೆರಿಕದ ಎಮ್‌ಐಟಿಯ ಮ್ಯಾಥ್ಯೂ ಶೋಲ್ಡರ್ಸ್ ಗುಂಪು 2018ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಶಾಪೆರೋನ್‌ಗಳನ್ನು ಕಡಿಮೆ ಮಾಡಿದ ಕೋಶಗಳಲ್ಲಿ, ಜ್ವರದ ಶಾಖದಲ್ಲಿ, ಈ ಪ್ರೋಲಿನ್ ಇರುವ ವೈರಸ್ ಹಿಂದೆ ಬಿತ್ತು. ಶಾಪೆರೋನ್ ಸಾಕಷ್ಟು ಇದ್ದಲ್ಲಿ ಅದು ನಿಭಾಯಿಸಿಕೊಂಡಿತು. ಅಂದರೆ ಕೋಶದ ಶಾಪೆರೋನ್‌ಗಳು ವೈರಸ್‌ನ ಕೆಲವು ಬದಲಾವಣೆಗಳಿಗೆ ಆಸರೆ ಕೊಡುತ್ತವೆ. ಆಸರೆ ತೆಗೆದರೆ ಆ ಬದಲಾವಣೆಯ ದಾರಿಯೇ ಮುಚ್ಚುತ್ತದೆ.

ಈ ಪ್ರಯೋಗ ಹಂದಿಯ ಕೋಶದಲ್ಲಿ ಮಾಡಿದ್ದಲ್ಲ, ಅದನ್ನು ಮರೆಯಬಾರದು. ಆದರೆ ಹಂದಿಯ ಮಾಮೂಲಿ ಮೈಶಾಖವೇ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಮಗೆ ಅದು ಜ್ವರ. ಆ ಶಾಖದಲ್ಲಿ ಸಡಿಲ ಎನ್‌ಪಿ ಇಟ್ಟುಕೊಂಡ ವೈರಸ್ ಬದುಕಬೇಕಾದರೆ ಹಂದಿಯ ಶಾಪೆರೋನ್‌ಗಳ ಮೇಲೆ ಎಷ್ಟು ನೆಚ್ಚಿಕೊಳ್ಳಬೇಕು ಅನ್ನುವುದು ನೋಡಲೇಬೇಕಾದ ವಿಷಯ. ನಿಮ್ಮಲ್ಲಿ ಯಾರಾದರೂ ವಿದ್ಯಾರ್ಥಿಗಳು ಪಿಎಚ್‌ಡಿಗೆ ಪ್ರಶ್ನೆ ಹುಡುಕುತ್ತಿದ್ದರೆ ಇದನ್ನು ತೆಗೆದುಕೊಳ್ಳಿ, ಮನಸಾರೆ ಹೇಳುತ್ತಿದ್ದೇನೆ.

2009ಕ್ಕೆ ಬರುತ್ತೇನೆ, ನಿಮಗೆಲ್ಲ ನೆನಪಿರುವ ವರ್ಷ. ಮೇ ತಿಂಗಳಲ್ಲಿ ಹೈದರಾಬಾದ್‌ನಲ್ಲಿ ದೇಶದ ಮೊದಲ ಪ್ರಕರಣ, ಆಗಸ್ಟ್‌ನಲ್ಲಿ ಪುಣೆಯಲ್ಲಿ ಮೊದಲ ಸಾವು, ಆಮೇಲೆ ನಮ್ಮಲ್ಲೂ 'ಹಂದಿ ಜ್ವರ' ಅಂತ ಮನೆಮನೆಯಲ್ಲಿ ಮಾತು. ಮೆಕ್ಸಿಕೋದ ಹಂದಿಗಳಲ್ಲಿ ಹುಟ್ಟಿದ ಆ ಎಚ್‌1ಎನ್‌1ನಲ್ಲಿ ಉತ್ತರ ಅಮೆರಿಕದ ಹಂದಿ ವೈರಸ್‌ನ ತುಂಡುಗಳ ಜೊತೆ, ಈಗ ಹೇಳಿದ ಯುರೋಪಿನ ಗುಂಪಿನ ಎರಡು ತುಂಡುಗಳೂ ಇದ್ದವು. ಪಿಬಿ2 ಮೂಲತಃ ಹಕ್ಕಿಯದು. ಎಲ್ಲರೂ ಮೊದಲು ನೋಡಿದ್ದು 627ನ್ನು. ಅಲ್ಲಿ ಲೈಸಿನ್ ಇರಲಿಲ್ಲ! ಹಕ್ಕಿಯ ಗ್ಲುಟಾಮಿಕ್ ಆಮ್ಲವೇ ಇತ್ತು. ಆದರೂ ವೈರಸ್ ಜಗತ್ತನ್ನು ಸುತ್ತಿತು. ಯಾಕೆಂದರೆ 590 ಮತ್ತು 591ರಲ್ಲಿ ಬೇರೆ ಬದಲಾವಣೆ ಇದ್ದವು, ಅವು 627ರ ಕೊರತೆ ತುಂಬಿಕೊಟ್ಟವು. ಹಂದಿಯಲ್ಲಿ ಬೆಳೆದ ವೈರಸ್ಸು ಹಂದಿಯ ಪ್ರೋಟೀನಿಗೆ ತಕ್ಕ ದಾರಿ ಹಿಡಿದಿತ್ತು, ಆ ದಾರಿ ನಮ್ಮಲ್ಲೂ ನಡೆಯಿತು.

ಆ ವರ್ಷ ಈಜಿಪ್ಟ್ ದೇಶದಲ್ಲಿ ಮೂರು ಲಕ್ಷದಷ್ಟು ಹಂದಿಗಳನ್ನು ಕೊಲ್ಲಲು ಆಜ್ಞೆ ಮಾಡಿದರು. ಅಲ್ಲಿಯ ಹಂದಿಗಳಿಗೆ ಆ ರೋಗ ಇರಲಿಲ್ಲ. ಕಸ ಆಯ್ದು ಹಂದಿ ಸಾಕುತ್ತಿದ್ದ ಬಡವರ ಜೀವನ ಹೋಯಿತು. ಬೇಯಿಸಿದ ಮಾಂಸದಿಂದ ಫ್ಲೂ ಬರುವುದಿಲ್ಲ, ರೋಗ ಹರಡುತ್ತಿದ್ದದ್ದು ಜನರಿಂದ ಜನರಿಗೆ. ಹಂದಿಯ ಜೀವಕೋಶದ ಬಗ್ಗೆ ನಾನು ಹೇಳುತ್ತಿರುವುದನ್ನು ಕೇಳಿ ಯಾರಾದರೂ ಹಂದಿಯ ಮೇಲೆ, ಹಂದಿ ಸಾಕುವವರ ಮೇಲೆ ಸಿಟ್ಟು ಮಾಡಿಕೊಂಡರೆ ನನಗೆ ತುಂಬಾ ಬೇಸರವಾಗುತ್ತದೆ.

ಈ ಪ್ರೋಟೀನನ್ನೇ ಬದಲಿಸಿಬಿಟ್ಟರೆ ಆಗುವುದಿಲ್ಲವಾ ಅಂತ ಯಾವಾಗಲೂ ಯಾರಾದರೂ ಕೇಳುತ್ತಾರೆ. ಕೋಳಿಯಲ್ಲಿ ಮಾಡಿ ನೋಡಿದ್ದಾರೆ. 2023ರಲ್ಲಿ ಎಡಿನ್‌ಬರಾದ ರೋಸ್ಲಿನ್ ಸಂಸ್ಥೆಯವರು ಮತ್ತು ಇಂಪೀರಿಯಲ್‌ನವರು ಕೋಳಿಯ ಎಎನ್‌ಪಿ32ಎಯಲ್ಲಿ ಎರಡು ಅಮೈನೋ ಆಮ್ಲ ಬದಲಿಸಿದರು. ಸಹಜವಾಗಿ ತಗುಲುವಷ್ಟು ವೈರಸ್ ಕೊಟ್ಟಾಗ ಹತ್ತರಲ್ಲಿ ಒಂಬತ್ತು ಕೋಳಿಗಳಿಗೆ ಸೋಂಕೇ ಬರಲಿಲ್ಲ. ಅದರ ಸಾವಿರ ಪಟ್ಟು ಕೊಟ್ಟಾಗ ಹತ್ತರಲ್ಲಿ ಐದಕ್ಕೆ ಬಂತು. ಬಂದ ಕೋಳಿಗಳಿಂದ ವೈರಸ್ ತೆಗೆದು ಓದಿದರೆ ಪಾಲಿಮರೇಸ್‌ನಲ್ಲಿ ಹೊಸ ಬದಲಾವಣೆಗಳು. ಎಎನ್‌ಪಿ32ಎ ಸಿಗದಿದ್ದಾಗ ಬಿ ಮತ್ತು ಇ ಅನ್ನುವ ಸಂಬಂಧಿಕ ಪ್ರೋಟೀನುಗಳನ್ನು ಬಳಸಲು ಅದು ದಾರಿ ಮಾಡಿಕೊಂಡಿತ್ತು. ಆ ಬದಲಾವಣೆಗಳಲ್ಲಿ ಒಂದು ಪಿಬಿ2ನ 631ನೇ ಜಾಗದ್ದು. ಮರುವರ್ಷ ಅಮೆರಿಕದ ಹಸುಗಳಿಗೆ ಎಚ್‌5ಎನ್‌1 ಹಕ್ಕಿಜ್ವರ ಬಂತಲ್ಲ, ಆ ವೈರಸ್‌ನಲ್ಲೂ 631ರಲ್ಲಿ ಅದೇ ಬದಲಾವಣೆ ಇತ್ತು. ಕೋಶದ ಒಂದು ಪ್ರೋಟೀನನ್ನು ಬದಲಿಸಿದರೆ ವೈರಸ್ ಯಾವ ಕಡೆ ಹೊರಳುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರ ಪುರಾವೆ ನನಗೆ ಗೊತ್ತಿಲ್ಲ. ಮೂರು ಪ್ರೋಟೀನನ್ನೂ ಒಟ್ಟಿಗೆ ತೆಗೆದರೆ ವೈರಸ್ ಬೆಳೆಯಲಿಲ್ಲ, ಆದರೆ ಅದು ಕೋಶಗಳಲ್ಲಿ ಮಾಡಿದ್ದು, ಮೂರೂ ಇಲ್ಲದ ಕೋಳಿ ಮಾಡಿದ್ದಲ್ಲ.

2024ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಒಂದು ಚಿಕ್ಕ ಹಿತ್ತಲ ಫಾರ್ಮ್‌ನ ಹಂದಿಯಲ್ಲಿ ಎಚ್‌5ಎನ್‌1 ಸಿಕ್ಕಿತು. ಅಮೆರಿಕದಲ್ಲಿ ಹಂದಿಯಲ್ಲಿ ಸಿಕ್ಕಿದ್ದು ಅದೇ ಮೊದಲು. ಅಲ್ಲಿ ಕೋಳಿಗಳಿಗೂ ಉಳಿದ ಪ್ರಾಣಿಗಳಿಗೂ ನೀರು, ಕೊಟ್ಟಿಗೆ ಎಲ್ಲ ಒಂದೇ. ಜನರಿಗೆ ಸುಲಭವಾಗಿ ಹರಡುವಂಥ ಬದಲಾವಣೆ ಕಾಣಲಿಲ್ಲ ಅಂತ ಅಲ್ಲಿನ ಕೃಷಿ ಇಲಾಖೆ ಹೇಳಿತು. ಸಮಾಧಾನದ ಸುದ್ದಿ. ಆದರೆ ಹಂದಿಯ ವಿಷಯದಲ್ಲಿ 627 ಬದಲಾಗಿಲ್ಲ ಅನ್ನುವುದೊಂದರಿಂದಲೇ ನೆಮ್ಮದಿ ಪಡಬಾರದು. ಹಂದಿಯ ಎಎನ್‌ಪಿ32ಎ ಆ ಬದಲಾವಣೆ ಬೇಕೇ ಬೇಕು ಅನ್ನುವುದಿಲ್ಲ. 590, 591, 631, 701 ಎಲ್ಲ ನೋಡಬೇಕು, ಎನ್‌ಪಿಯನ್ನು ಎಮ್‌ಎಕ್ಸ್‌ಎ ಎದುರು ಇಟ್ಟು ನೋಡಬೇಕು, ಪಾಲಿಮರೇಸ್ಸನ್ನು ಮನುಷ್ಯನ ಎಎನ್‌ಪಿ32 ಪ್ರೋಟೀನುಗಳ ಜೊತೆ ಓಡಿಸಿ ನೋಡಬೇಕು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಬಂದಿತ್ತು. ಇಂಥ ಕಡೆ ಕೋಳಿಯ ಜೊತೆ ಹಂದಿಯನ್ನೂ ಸಾಕಿದ್ದರೆ ಹಂದಿಯ ಮೂಗಿನಿಂದಲೂ ಸ್ವಾಬ್ ತೆಗೆಯಬೇಕು. ಹಂದಿಗೆ ಕಾಯಿಲೆಯ ಲಕ್ಷಣ ಇಲ್ಲದಿದ್ದರೂ ತೆಗೆಯಬೇಕು, ಏಕೆಂದರೆ ಫ್ಲೂ ಎಷ್ಟೋ ಸಲ ಹಂದಿಯಲ್ಲಿ ಸದ್ದಿಲ್ಲದೆ ಬಂದು ಹೋಗುತ್ತದೆ. ಸ್ವಾಬ್ ತೆಗೆದವರು ಆ ವೈರಸ್‌ನ ಎಂಟೂ ತುಂಡನ್ನು ಓದಿಸಬೇಕು.